ಸಿ18ನಿಂದ ಎಸ್‌ಸಿಎಕ್ಸ್‌ವರೆಗೆ: ಯಾವ ಸ್ಯಾಂಪಲ್‌ಗೆ ಯಾವ ಕಾರ್ಟ್ರಿಜ್?

ಎಸ್‌ಪಿಇ ಅಂದರೆ ದ್ರವ ಸ್ಯಾಂಪಲ್ ಅನ್ನು ಪುಡಿ ತುಂಬಿದ ಪುಟ್ಟ ಕಾರ್ಟ್ರಿಜ್ ಮೂಲಕ ಹಾಯಿಸಿ, ಬೇಕಾದ ಸಂಯುಕ್ತವನ್ನು ಅದರಲ್ಲಿ ಹಿಡಿದು, ಆಮೇಲೆ ದ್ರಾವಕದಿಂದ ಬಿಡಿಸಿಕೊಳ್ಳುವ ವಿಧಾನ. ಅದರ ಮಾತು ಬಂದ ಕೂಡಲೇ ಕೈ ಹೋಗುವುದು ಸಿ18 (18 ಕಾರ್ಬನ್‌ಗಳ ಸರಪಳಿ ಅಂಟಿಸಿದ ಸಿಲಿಕಾ) ಡಬ್ಬಕ್ಕೇ. 500 ಮಿ.ಗ್ರಾಂ, 6 ಮಿ.ಲೀ. ಅಳತೆಯ ಎಂಡ್‌ಕ್ಯಾಪ್ ಮಾಡಿದ (ಸಿಲಿಕಾ ಮೇಲೆ ಉಳಿದ ಗುಂಪುಗಳನ್ನು ಮುಚ್ಚಿದ) ಸಿ18 ನೀರಿನ ಸ್ಯಾಂಪಲ್‌ಗಳಿಗೆ ನಂಬಬಹುದಾದ ಸರಕು. ಅದರ ಕೊರತೆ ಕಾಣುವುದು ಸ್ಯಾಂಪಲ್ ಹಾಕುವಾಗ ಅಲ್ಲ, ವಾಪಸ್ ತೆಗೆಯುವಾಗ. ತೀರಾ ನಾನ್‌ಪೋಲಾರ್ (ನೀರಿಗೆ ಒಗ್ಗದ) ಸಂಯುಕ್ತಗಳು ಅಂಟಿಕೊಂಡರೆ ಒಂದೆರಡು ಮಿ.ಲೀ. ಮೆಥನಾಲ್‌ಗೆ ಜಗ್ಗುವುದಿಲ್ಲ. ಅವಕ್ಕೆ ಎಂಟೇ ಕಾರ್ಬನ್‌ಗಳ ಸಿ8 ಸಾಕು. ಹಿಡಿತ ಸಡಿಲ, ಕಡಿಮೆ ದ್ರಾವಕದಲ್ಲೇ ಹೊರಬರುತ್ತವೆ. ಲೇಬಲ್ ಮೇಲಿನ ಕಾರ್ಬನ್ ಶೇಕಡಾ ಹೆಚ್ಚಿದ್ದ ಮಾತ್ರಕ್ಕೆ ಕೊಳ್ಳಬೇಡಿ.

ಬೇಸಿಕ್ ಔಷಧಗಳ ಕಥೆ ಬೇರೆ. ಸಿಲಿಕಾ ಮೇಲೆ ಉಳಿದ ಸಿಲನಾಲ್‌ಗಳು (Si–OH ಗುಂಪುಗಳು) ಈ ಔಷಧಗಳಲ್ಲಿರುವ ಅಮೀನ್‌ಗಳನ್ನು ಕಚ್ಚಿ ಹಿಡಿಯುತ್ತವೆ. ಎಂಡ್‌ಕ್ಯಾಪಿಂಗ್ ಅವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಬರೀ ಮೆಥನಾಲ್‌ನಲ್ಲಿ ರಿಕವರಿ (ವಾಪಸ್ ಸಿಗುವ ಪಾಲು) ಕುಂಟಿದರೆ 2% ಅಮೋನಿಯಾ ಬೆರೆಸಿ ನೋಡಿ. ಆಗ ಏರಿತೆಂದರೆ ಕಳ್ಳ ಸಿಲನಾಲೇ.

ಬೇಸ್‌ಗಳಿಗೆ ನಮ್ಮ ಮೊದಲ ಆಯ್ಕೆ ಎಸ್‌ಸಿಎಕ್ಸ್, ಅಂದರೆ ಧನ ಚಾರ್ಜಿನ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ಅಯಾನ್ ವಿನಿಮಯ ಕಾರ್ಟ್ರಿಜ್. ಸಲ್ಫೋನಿಕ್ ಗುಂಪಿಗೆ ಸದಾ ಚಾರ್ಜ್ ಇರುವುದರಿಂದ ಬೇಸ್‌ನ ಪಿಕೆಎಗಿಂತ (ಅರ್ಧದಷ್ಟು ಅಣುಗಳಿಗೆ ಚಾರ್ಜ್ ಇರುವ ಪಿಎಚ್) ಎರಡು ಪಿಎಚ್ ಕೆಳಗೆ ಲೋಡ್ ಮಾಡಿ, ಎರಡು ಪಿಎಚ್ ಮೇಲೆ ಬಿಡಿಸಿಕೊಳ್ಳಬೇಕು. ಕ್ವಾಟರ್ನರಿ ಅಮೋನಿಯಂ (ಯಾವ ಪಿಎಚ್‌ನಲ್ಲೂ ಧನ ಚಾರ್ಜ್ ಕಳೆದುಕೊಳ್ಳದ) ಸಂಯುಕ್ತಕ್ಕೆ ಮಾತ್ರ ಇದನ್ನು ಮುಟ್ಟಲೇಬೇಡಿ: ಎರಡೂ ಕಡೆ ಚಾರ್ಜ್ ಶಾಶ್ವತ, ಬಿಡಿಸುವುದು ಹರಸಾಹಸ. ಅಲ್ಲಿ ಕಾರ್ಬಾಕ್ಸಿಲಿಕ್ ಬಗೆಯ ಸಿಬಿಎ ಕಾರ್ಟ್ರಿಜ್ ಗೆಲ್ಲುತ್ತದೆ. ಅದರ ಪಿಕೆಎ ಸುಮಾರು 4.8, ಪಿಎಚ್ 7ರಲ್ಲಿ ಹಿಡಿಯುತ್ತದೆ, ಆಮ್ಲ ಬೆರೆಸಿದ ಮೆಥನಾಲ್ ಹಾಕಿದರೆ ತಾನಾಗಿ ಬಿಟ್ಟುಕೊಡುತ್ತದೆ. ಮೂತ್ರದಂಥ ಉಪ್ಪಿನ ಸ್ಯಾಂಪಲ್ ಆದರೆ ಮೊದಲು ನೀರು ಬೆರೆಸಿ ತೆಳುಮಾಡಿ, ಇಲ್ಲದಿದ್ದರೆ ಸೋಡಿಯಂ ಅಯಾನುಗಳೇ ಜಾಗ ಹಿಡಿಯುತ್ತವೆ. ಹರಿವು ನಿಮಿಷಕ್ಕೆ 1–2 ಮಿ.ಲೀ. ದಾಟದಿರಲಿ, ಅಯಾನ್ ವಿನಿಮಯಕ್ಕೆ ಅವಸರ ಆಗದು.

ಅಮೀನೋ ಕಾರ್ಟ್ರಿಜ್ ಸಕ್ಕರೆಗಳಿಗೆ ಒಳ್ಳೆಯದು. ಆದರೆ ಆಲ್ಡಿಹೈಡ್, ಕೀಟೋನ್‌ಗಳ ಜೊತೆ ಅದು ರಾಸಾಯನಿಕವಾಗಿ ಸೇರಿಕೊಳ್ಳುತ್ತದೆ, ಹಾಗಾಗಿ ಅಸಿಟೋನ್ ದೂರವಿಡಿ.

ಸಾಮರ್ಥ್ಯದ ಲೆಕ್ಕ: ಸಿ18 ತನ್ನ ತೂಕದ ಹೆಚ್ಚೆಂದರೆ 5% ಹಿಡಿಯುತ್ತದೆ, ಅಂದರೆ 500 ಮಿ.ಗ್ರಾಂಗೆ 25 ಮಿ.ಗ್ರಾಂ. ಇದರಲ್ಲಿ ನಿಮಗೆ ಬೇಡದ ಕಲ್ಮಷವೂ ಸೇರಿದೆ ಎಂಬುದನ್ನು ಬಹಳ ಜನ ಮರೆತು, ಕಾರ್ಟ್ರಿಜ್ ತುಂಬಿ ಸಂಯುಕ್ತ ಹಿಡಿಯದೆ ಸೋರಿಹೋದಾಗ ಕಂಪನಿಯನ್ನು ಬಯ್ಯುತ್ತಾರೆ. ಸಿಲಿಕಾಕ್ಕೆ ಪಿಎಚ್ 2ರಿಂದ 8 ಕ್ಷೇಮ. ಬಿಡಿಸುವ ಹಂತದಲ್ಲಿ ಕೆಲವೇ ನಿಮಿಷ ಅಮೋನಿಯಾ ತಗುಲಿದರೆ ಚಿಂತೆಯಿಲ್ಲ. ಮೆಥನಾಲ್, ನೀರು ಹಾಯಿಸಿದ ಮೇಲೆ ಸ್ಯಾಂಪಲ್ ಬೀಳುವ ಮುನ್ನ ಸಿ18 ಒಣಗಿತೇ? ಮತ್ತೆ ಮೆಥನಾಲ್‌ನಿಂದಲೇ ಶುರುಮಾಡಿ, ಬರೀ ನೀರು ಹಾಕಿದರೆ ಆಗುವುದಿಲ್ಲ.