ಫೈರ್‌ವಾಲ್ ಸರ್ವರ್ ಅಪ್‌ಗ್ರೇಡ್ ಮಾಡ್ತೀರಾ? ಮೊದಲು ರೂಲ್ಸ್ ಕಾಪಿ ಬೇರೆ ಕಡೆ ಇಡಿ

ಡೆಬಿಯನ್ 9 (ಲಿನಕ್ಸ್‌ನ ಒಂದು ಹಳೇ ಆವೃತ್ತಿ) ಇರುವ ಹಳೇ ಫೈರ್‌ವಾಲ್, ಅಂದರೆ ಯಾವ ನೆಟ್ ಟ್ರಾಫಿಕ್ ಬಿಡಬೇಕು, ಯಾವುದು ತಡೆಯಬೇಕು ಎಂಬ ರೂಲ್ಸ್ ನಡೆಸುವ ಸರ್ವರ್, ಯಾರ ಹತ್ತಿರವಾದರೂ ಇನ್ನೂ ಓಡುತ್ತಿದ್ದರೆ, ಅದನ್ನು ಕೈಯಾರೆ ಅಪ್‌ಗ್ರೇಡ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ. ನನ್ನ ಕೈಯಲ್ಲಿ ಒಂದು ಸರ್ವರ್ ಇಡೀ ರಾತ್ರಿ ಬಾಗಿಲು ತೆರೆದುಕೊಂಡು ಕೂತಿತ್ತು.

ನಾನು ನೋಡಿಕೊಳ್ಳುವ ಸಣ್ಣ ಆಫೀಸಿನಲ್ಲಿ 40 ಕಂಪ್ಯೂಟರ್ ಇವೆ. ಎಲ್ಲದಕ್ಕೂ ಇಂಟರ್ನೆಟ್ ಬರುವುದು ಈ ಒಂದು ಡಬ್ಬದಿಂದಲೇ. 2022ರ ಜೂನ್ ಕೊನೆಗೆ ಡೆಬಿಯನ್ 9ರ ಎಲ್‌ಟಿಎಸ್ (ದೀರ್ಘಾವಧಿ ಸೆಕ್ಯುರಿಟಿ ಅಪ್‌ಡೇಟ್) ಮುಗಿಯುತ್ತಿತ್ತು. ಡೆಬಿಯನ್‌ನಲ್ಲಿ ಒಂದು ಮೆಟ್ಟಿಲು ಬಿಟ್ಟು ಹಾರುವಂತಿಲ್ಲ, ಮೊದಲು 10ಕ್ಕೇ ಹೋಗಬೇಕು. ಒಂದು ಶುಕ್ರವಾರ ರಾತ್ರಿ ಮನೆಯಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ), ಸಾಫ್ಟ್‌ವೇರ್ ಎಲ್ಲಿಂದ ಬರಬೇಕು ಎಂದು ಹೇಳುವ ಸೋರ್ಸಸ್ ಲಿಸ್ಟ್‌ನಲ್ಲಿ ಸ್ಟ್ರೆಚ್ (9ರ ಹೆಸರು) ತೆಗೆದು ಬಸ್ಟರ್ (10ರ ಹೆಸರು) ಹಾಕಿ, ಫುಲ್-ಅಪ್‌ಗ್ರೇಡ್ ಕೊಟ್ಟೆ. ತೊಂದರೆಯಿಲ್ಲದೆ ಮುಗಿಯಿತು.

ರೀಬೂಟ್‌ಗೆ ಮೊದಲು ರೂಲ್ಸ್ ನೋಡೋಣ ಎಂದು, ಫೈರ್‌ವಾಲ್ ರೂಲ್ಸ್ ತೋರಿಸುವ, ಬದಲಿಸುವ ಐಪಿಟೇಬಲ್ಸ್ ಕಮಾಂಡ್ ಕೊಟ್ಟರೆ ಪಟ್ಟಿ ಖಾಲಿ. ಮೂರೂ ಚೈನ್‌ಗಳಲ್ಲಿ (ರೂಲ್ಸ್‌ನ ಮೂರು ಸಾಲುಗಳಲ್ಲಿ) ಬರೀ ಆಕ್ಸೆಪ್ಟ್, ಅಂದರೆ ಎಲ್ಲವನ್ನೂ ಬಿಡು. ಕೊನೆಗೆ ಒಂದೇ ಸಾಲಿನ ವಾರ್ನಿಂಗ್: ಲೆಗಸಿ (ಹಳೇ ವಿಧಾನದ) ಟೇಬಲ್‌ಗಳು ಇವೆ, ಅವನ್ನು ನೋಡಲು ಐಪಿಟೇಬಲ್ಸ್-ಲೆಗಸಿ ಬಳಸಿ. ಹೊತ್ತು ಹನ್ನೆರಡಾಗಿತ್ತು. ನೆಟ್ ನಡೀತಿದೆ, ಎಸ್‌ಎಸ್‌ಎಚ್ ನಡೀತಿದೆ, ಏನೋ ತೋರಿಸುವುದರಲ್ಲಿ ವ್ಯತ್ಯಾಸ ಇರಬೇಕು ಅಂದುಕೊಂಡೆ. ಆ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಭ್ಯಾಸದಂತೆ ಐಪಿಟೇಬಲ್ಸ್-ಸೇವ್ ಕೊಟ್ಟು, ಬೂಟ್ ಆದಾಗ ಲೋಡ್ ಆಗುವ ಅದೇ ಹಳೇ ಫೈಲಿಗೆ ಬರೆದೆ. ರೀಬೂಟ್ ಮಾಡಿದೆ. ಸರ್ವರ್ ವಾಪಸ್ ಬಂತು, ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಅಕೌಂಟ್ಸ್‌ನವರ ಫೋನ್: "ಸರ್, ನೆಟ್ ಬರ್ತಾ ಇಲ್ಲ, ಯಾರಿಗೂ."

ಆಗಿದ್ದು ಇಷ್ಟು. ಡೆಬಿಯನ್ 10ರಿಂದ ಐಪಿಟೇಬಲ್ಸ್ ಎಂಬ ಕಮಾಂಡ್ ಒಳಗೊಳಗೆ ಎನ್‌ಎಫ್‌ಟೇಬಲ್ಸ್ ಎಂಬ ಹೊಸ ಫೈರ್‌ವಾಲ್ ವ್ಯವಸ್ಥೆ ಜೊತೆ ಮಾತಾಡುತ್ತದೆ. ನನ್ನ ಹಳೇ ರೂಲ್ಸ್ ಕರ್ನಲ್‌ನ (ಲಿನಕ್ಸ್‌ನ ತಿರುಳು) ಹಳೇ ಟೇಬಲ್‌ನಲ್ಲೇ ಇದ್ದವು, ಕೆಲಸವನ್ನೂ ಮಾಡುತ್ತಿದ್ದವು. ಕಮಾಂಡ್ ನೋಡುತ್ತಿದ್ದದ್ದು ಮಾತ್ರ ಹೊಸ, ಖಾಲಿ ಟೇಬಲ್. ಆ ಖಾಲಿಯನ್ನೇ ನಾನು ಮೂರು ವರ್ಷ ಕೂಡಿಸಿದ ರೂಲ್ಸ್ ಮೇಲೆ ಬರೆದುಬಿಟ್ಟೆ. ಆಫೀಸಿನ ಕಂಪ್ಯೂಟರ್‌ಗಳಿಗೆ ನೆಟ್ ಹಂಚುವ ನ್ಯಾಟ್ ಹೋಯಿತು, ಅನುಮತಿ ಇಲ್ಲದ್ದನ್ನು ತಡೆಯುವ ಡ್ರಾಪ್ ಪಾಲಿಸಿಯೂ ಹೋಯಿತು. ಲಾಗಿನ್ ಪ್ರಯತ್ನಗಳು ದಾಖಲಾಗುವ ಆತ್ ಲಾಗ್ ತೆರೆದಾಗ ಎದೆ ಧಸಕ್ ಅಂತು. ರಾತ್ರಿಯಿಡೀ ರೂಟ್ (ಸರ್ವರ್‌ನ ಮುಖ್ಯ ಅಕೌಂಟ್) ಹೆಸರಿನಲ್ಲಿ ಫೇಲ್ಡ್ ಪಾಸ್‌ವರ್ಡ್, ಸಾಲಿನ ಮೇಲೆ ಸಾಲು. ಯಾರೂ ಒಳಗೆ ಬಂದ ಗುರುತಿರಲಿಲ್ಲ. ಆದರೂ ಆ ಡಿಸ್ಕನ್ನು ನಂಬಲು ಮನಸ್ಸಾಗದೆ ಹೊಸದಾಗಿ ಇನ್‌ಸ್ಟಾಲ್ ಮಾಡಿ, ರೂಲ್ಸ್ ಒಂದೊಂದಾಗಿ ನೆನಪು ಮಾಡಿಕೊಂಡು ಬರೆದೆ. ಭಾನುವಾರ ಸಂಜೆಯಾಯಿತು.

ರೀಬೂಟ್‌ಗೆ ಮುಂಚೆ ಐಪಿಟೇಬಲ್ಸ್-ಲೆಗಸಿ-ಸೇವ್ ಕೊಟ್ಟಿದ್ದರೆ ಎಲ್ಲ ಉಳಿಯುತ್ತಿತ್ತು. ನೀವು ಅಪ್‌ಗ್ರೇಡ್ ಶುರು ಮಾಡುವ ಮೊದಲೇ ರೂಲ್ಸ್ ಫೈಲನ್ನು ಬೇರೆ ಮೆಷೀನ್‌ಗೆ ಕಾಪಿ ಮಾಡಿ. ಮುಗಿದ ಮೇಲೆ ಐಪಿಟೇಬಲ್ಸ್ ವರ್ಷನ್ ಕೇಳಿ, ಆವರಣದಲ್ಲಿ ಲೆಗಸಿ ಅಂತ ಇದೆಯಾ, ಎನ್‌ಎಫ್ ಟೇಬಲ್ಸ್ ಅಂತ ಇದೆಯಾ ನೋಡಿ. ಹಳೇದೇ ಬೇಕಿದ್ದರೆ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಿಂದ ಬದಲಿಸಬಹುದು. ಕಾನ್ಫಿಗ್ ಫೈಲ್ ಬದಲಿಸಲೇ ಅಂತ ಕೇಳಿದಾಗ ಸುಮ್ನೆ ವೈ ಒತ್ತಬೇಡಿ. ಆದಷ್ಟು ಮೆಷೀನ್ ಮುಂದೆ ಕೂತೇ ಮಾಡಿ. ಎದ್ದು ಹೋಗುವ ಮುಂಚೆ ಆಫೀಸಿನೊಳಗಿನ ಒಂದು ಕಂಪ್ಯೂಟರ್‌ನಲ್ಲಿ ನೆಟ್ ಬರುತ್ತಾ ನೋಡಿ. ಆಮೇಲೆ ಮೊಬೈಲ್ ಡೇಟಾದಿಂದ, ಹೊರಗಿನವರ ಹಾಗೆ, ಯಾವ ಪೋರ್ಟ್ ತೆರೆದಿದೆ ಅಂತ ಸ್ಕ್ಯಾನ್ ಮಾಡಿ.