ಲವಂಗದ ಎಣ್ಣೆಯ ನ್ಯಾನೊಫೈಬರ್ ಹಾಳೆ: ಎಳೆ ಸೊಗಸು, ಲೇಬಲ್ ಸಾಲದು

ಲ್ಯಾಬ್‌ನಲ್ಲಿ ಚರ್ಮದ ಫೈಬ್ರೊಬ್ಲಾಸ್ಟ್, ಅಂದರೆ ಕೊಲಾಜೆನ್ ಎಳೆಗಳನ್ನು ತಯಾರಿಸುವ ಜೀವಕೋಶ, ಬೆಳೆಸುವುದು ನನ್ನ ಕೆಲಸ. ಗಾಯ ಮಾಗಿಸಲು ಯಾವ ಆಸರೆ ಸಿಕ್ಕರೆ ಈ ಜೀವಕೋಶಗಳು ಚೆನ್ನಾಗಿ ಹರಡಿಕೊಳ್ಳುತ್ತವೆ ಅಂತ ನೋಡುತ್ತೇನೆ. ಅದಕ್ಕೇ ತೀರಾ ಸಣ್ಣ ಎಳೆಗಳಿಂದ (ನ್ಯಾನೊಫೈಬರ್) ಮಾಡಿದ ಈ ಹಾಳೆ ತರಿಸಿದ್ದು. ಇದು ಅಂಗಾಂಶವನ್ನು ಮತ್ತೆ ಬೆಳೆಸುತ್ತದೆ ಅಂತ ಮಾರುವವರು ಹೇಳುತ್ತಾರೆ. ಇದರಲ್ಲಿರುವುದು ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್) ಎಂಬ ಪ್ಲಾಸ್ಟಿಕ್‌ನಂಥ ಪಾಲಿಮರ್, ಜೆಲಾಟಿನ್, ಜೊತೆಗೆ ಲವಂಗದ ಎಣ್ಣೆ. ಜೀವಕೋಶ ಬೆಳೆಸುವ 24 ಗುಳಿಗಳ ತಟ್ಟೆಯ (24 ವೆಲ್ ಪ್ಲೇಟ್) ಗುಳಿಯಲ್ಲಿ ಕೂರುವಂತೆ ದುಂಡಗೆ ಕತ್ತರಿಸಿ ಫಾಯಿಲ್ ಪ್ಯಾಕೆಟ್‌ನಲ್ಲಿ ಕಳಿಸುತ್ತಾರೆ.

ಎಳೆಗಳು ನಿಜಕ್ಕೂ ಸೊಗಸಾಗಿವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೆಚ್ಚಿನವು 300ರಿಂದ 500 ನ್ಯಾನೊಮೀಟರ್ ದಪ್ಪ. ನಮ್ಮ ಮೈಯೊಳಗಿನ ಕೊಲಾಜೆನ್ ಎಳೆಗಳೂ ಹತ್ತಿರಹತ್ತಿರ ಇದೇ ಅಳತೆಯವು. ಪಾಲಿಮರ್ ದ್ರಾವಣವನ್ನು ವಿದ್ಯುತ್ತಿನಿಂದ ಎಳೆದು ಎಳೆ ತೆಗೆಯುವುದಕ್ಕೆ ಸ್ಪಿನ್ ಮಾಡುವುದು ಅನ್ನುತ್ತೇವೆ. ಎಣ್ಣೆ ಬೆರೆತರೆ ಆ ದ್ರಾವಣದ ಹದ ಕೆಡುತ್ತದೆ. ಸಾವಿರಾರು ವೋಲ್ಟ್ ಎಳೆಯುವ ಧಾರೆ ಸಮವಾಗಿ ಬರದೆ ಮಧ್ಯೆ ಮಧ್ಯೆ ಮಣಿ ಕಟ್ಟುತ್ತದೆ. ಇಲ್ಲಿ ಅಂಥ ಮಣಿ ಎಲ್ಲೋ ಒಂದೊಂದು. ಬರೀ ಪಿಸಿಎಲ್ ನೀರನ್ನು ಹತ್ತಿರ ಸೇರಿಸುವುದಿಲ್ಲ, ಆದರೆ ಜೆಲಾಟಿನ್ ಇರುವುದರಿಂದ ಇದು ಬೇಗ ನೆನೆಯುತ್ತದೆ. 37 ಡಿಗ್ರಿಯ ಮೀಡಿಯಂನಲ್ಲಿ (ಜೀವಕೋಶ ಬೆಳೆಸುವ ಪೋಷಕ ದ್ರವ) ಜೆಲಾಟಿನ್ ಕರಗಿ ಹೋಗದಂತೆ ಅದರ ಅಣುಗಳನ್ನು ಒಂದಕ್ಕೊಂದು ಬೆಸೆದು ಕ್ರಾಸ್‌ಲಿಂಕ್ ಕೂಡ ಮಾಡಿದ್ದಾರೆ.

ನನ್ನ ತಕರಾರು ಎಣ್ಣೆಯ ಬಗ್ಗೆ. 'ನೈಸರ್ಗಿಕ' ಅಂತ ದೊಡ್ಡದಾಗಿ ಬರೆದಿದ್ದಾರೆ. ಎಷ್ಟು ಎಣ್ಣೆ ಇದೆ ಅಂತ ಮಾತ್ರ ಎಲ್ಲೂ ಇಲ್ಲ. ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನಿಜ. ಪ್ರಮಾಣ ಜಾಸ್ತಿಯಾದರೆ ನಮ್ಮ ಜೀವಕೋಶಗಳನ್ನೂ ಬಿಡುವುದಿಲ್ಲ. ಹಾಗಿರುವಾಗ ಮೊದಲು ಹೇಳಬೇಕಾದದ್ದೇ ಪ್ರಮಾಣ ಅಲ್ವಾ? ಪ್ಯಾಕೆಟ್‌ನಿಂದ ತೆಗೆದು ನೇರವಾಗಿ ಬಳಸಿದಾಗ ಜೀವಕೋಶಗಳು ಮುದುಡಿ ಗುಂಡಗಾಗಿ ಹಾಳೆಯಿಂದ ಬಿಟ್ಟುಕೊಂಡವು. ಬದುಕಿ ಉಳಿದವು ಶೇ. 70ಕ್ಕಿಂತ ಕಡಿಮೆ. ವೈದ್ಯಕೀಯ ವಸ್ತು ಜೀವಕೋಶಗಳಿಗೆ ವಿಷವೇ ಅಂತ ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10993-5 ಪ್ರಕಾರ ಅಷ್ಟು ಕೆಳಗೆ ಬಂದರೆ ವಿಷಕಾರಿ ಎಂದೇ ಲೆಕ್ಕ. ರಾತ್ರಿಯಿಡೀ ಮೀಡಿಯಂನಲ್ಲಿ ನೆನೆಸಿ, ಆ ಮೀಡಿಯಂ ಚೆಲ್ಲಿ ಬಳಸಿದಾಗ ಅದೇ ಹಾಳೆಯ ಮೇಲೆ ಅವು ಕೈಕಾಲು ಚಾಚಿ ಹರಡಿಕೊಂಡವು, ನೋಡಿ ಖುಷಿಯಾಯಿತು. ಆದರೆ ಹಾಗೆ ನೆನೆಸಿದ ಹಾಳೆಯ ಸುತ್ತ ಗಾಯಕ್ಕೆ ಸೋಂಕು ತರುವ ಸ್ಟ್ಯಾಫ್ ಬ್ಯಾಕ್ಟೀರಿಯಾ ಬೆಳೆಯದ ಬಳೆಯಂಥ ಜಾಗ ತೀರಾ ಸಣ್ಣದಾಗಿತ್ತು. ಅಂದರೆ ಎಣ್ಣೆಯ ಬಹುಪಾಲು ಮೊದಲ ದಿನವೇ ಹೊರಬಂದುಬಿಡುತ್ತದೆ. ಎಳೆಯ ನಡುವೆ ಎಣ್ಣೆ, ಸುತ್ತ ಪಾಲಿಮರ್ ಇರುವ ಹಾಗೆ ಕೋರ್-ಶೆಲ್ ಸ್ಪಿನ್ ಮಾಡಿದ್ದರೆ ನಿಧಾನಕ್ಕೆ ಬಿಡುತ್ತಿತ್ತು. ಇಷ್ಟು ಒಳ್ಳೆಯ ಎಳೆ ತೆಗೆಯುವವರಿಗೆ ಅದೇನು ಆಗದ ಕೆಲಸವಲ್ಲ.

'ಬಳಸುವ ಮುನ್ನ ಸ್ಟೆರಿಲೈಸ್ ಮಾಡಿ' ಅಂತ ಸುಮ್ನೆ ಒಂದು ಸಾಲು ಬೇರೆ. ಹೇಗೆ ಮಾಡುವುದು? ಪಿಸಿಎಲ್ ಸುಮಾರು 60 ಡಿಗ್ರಿಗೇ ಕರಗುತ್ತದೆ, ಬಿಸಿ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವ್ 121 ಡಿಗ್ರಿ. ಆಲ್ಕೋಹಾಲ್‌ನಲ್ಲಿ ಅದ್ದಿದರೆ ಎಣ್ಣೆ ತೊಳೆದುಹೋಗುತ್ತದೆ. ಸ್ಟೆರೈಲ್ ಮಾಡಿಯೇ ಕಳಿಸಬೇಕಿತ್ತು.

ಅಂಗಾಂಶ ಮತ್ತೆ ಬೆಳೆಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಳೆಯನ್ನು ಅಡ್ಡ ಕತ್ತರಿಸಿ ಬಣ್ಣ ಹಾಕಿ ನೋಡಿದೆ. ಜೀವಕೋಶಗಳೆಲ್ಲ ಮೇಲ್ಪದರದಲ್ಲೇ ಇದ್ದವು. ಎಳೆಗಳು ಅಷ್ಟು ಒತ್ತೊತ್ತಾಗಿವೆ, ಒಳಗೆ ಇಳಿಯಲು ದಾರಿಯೇ ಇಲ್ಲ. ಗಾಯದ ಮೇಲಿನ ಹೊದಿಕೆಯ ಬಗ್ಗೆ ಕೆಲಸ ಮಾಡುವವರಿಗೆ ಧಾರಾಳವಾಗಿ ಹೇಳುತ್ತೇನೆ, ತರಿಸಿ. ದಪ್ಪ ಅಂಗಾಂಶ ಕಟ್ಟುವವರಿಗೆ ಇದು ಬೇಡ.

ತರಿಸುವವರು ಆ ಬ್ಯಾಚಿನ ಎಣ್ಣೆಯ ಪ್ರಮಾಣವನ್ನು ಬರೆದುಕೊಡಲು ಕೇಳಿ. ಎಣ್ಣೆ ಇಲ್ಲದ ಇದೇ ಹಾಳೆಯನ್ನೂ ಅವರು ಮಾರುತ್ತಾರೆ. ಅದನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಕೆಲಸ ಮಾಡಿದ್ದು ಎಣ್ಣೆಯೋ ಜೆಲಾಟಿನ್ನೋ ಗೊತ್ತಾಗುವುದಿಲ್ಲ.