ಹೋಟೆಲ್ ಬುಕಿಂಗ್ ಆ್ಯಪ್‌ಗಳು, ವರ್ಷಗಳ ಬಳಕೆಯ ನಂತರ: ದೊಡ್ಡ ನಗರದಲ್ಲಿ ಇವನ್ನು ಎಲ್ಲಿಯವರೆಗೆ ನೆಚ್ಚಬಹುದು?

ಬುಕಿಂಗ್ ಡಾಟ್ ಕಾಮ್, ಅಗೋಡಾ, ಎಕ್ಸ್‌ಪೀಡಿಯಾ, ಜೊತೆಗೆ ಗೂಗಲ್ ಮ್ಯಾಪ್ಸ್‌ನ ಹೋಟೆಲ್ ಹುಡುಕಾಟ. ಈ ನಾಲ್ಕರ ದೀರ್ಘ ಬಳಕೆಯ ನಂತರದ ವಿಮರ್ಶೆ ಇದು. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಖಾಲಿ ಕೋಣೆ ಎಲ್ಲಿದೆ ಎಂದು ತೋರಿಸುವುದರಲ್ಲಿ, ಬೇಡವಾದಾಗ ಸುಲಭವಾಗಿ ಕ್ಯಾನ್ಸಲ್ ಮಾಡಿಕೊಡುವುದರಲ್ಲಿ ಇವು ಗಟ್ಟಿ. ಜಾಗ ಆರಿಸಿಕೊಡುವುದರಲ್ಲಿ ಮಾತ್ರ ಇವನ್ನು ನಂಬಿ ಕೂರುವಂತಿಲ್ಲ. ದೊಡ್ಡ ನಗರದಲ್ಲಿ ಪ್ರವಾಸ ಕೆಡುವುದು ಕೋಣೆಯಿಂದಲ್ಲ, ಹೆಚ್ಚಾಗಿ ಜಾಗದಿಂದ.

ಆ್ಯಪ್‌ನಲ್ಲಿ ‘ನಗರ ಕೇಂದ್ರದಿಂದ 2.3 ಕಿ.ಮೀ.’ ಎಂದು ಕಾಣುವ ದೂರವನ್ನೇ ನೋಡಿ. ಹೆಚ್ಚಿನ ಕಡೆ ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದ ದೂರ. ನಡುವೆ ನದಿಯೋ ರೈಲು ಹಳಿಯೋ ಎಂಟು ಪಥದ ಹೆದ್ದಾರಿಯೋ ಇದ್ದರೆ ನಡೆಯಬೇಕಾದ ದಾರಿ ಅದರ ಎರಡರಷ್ಟಾಗುತ್ತದೆ. ಅದೂ ಅಲ್ಲದೆ, ‘ಕೇಂದ್ರ’ ಎಂದು ಆ್ಯಪ್ ಗುರುತಿಸಿದ ಬಿಂದುವಿನಲ್ಲಿ ನಿಮಗೇನೂ ಕೆಲಸ ಇಲ್ಲದಿರಬಹುದು. ಹಾಗಾಗಿ ಹೋಟೆಲ್ ಹುಡುಕುವ ಮೊದಲು ನಕ್ಷೆಯಲ್ಲಿ ನೀವು ಹೋಗಲೇಬೇಕಾದ ನಾಲ್ಕೈದು ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅವುಗಳಲ್ಲಿ ಹೆಚ್ಚಿನವಕ್ಕೆ ರೈಲು ಬದಲಿಸದೆ, ಅಥವಾ ಒಂದೇ ಸಲ ಬದಲಿಸಿ ತಲುಪಬಹುದಾದ ಮೆಟ್ರೊ ಸ್ಟೇಷನ್ ಯಾವುದು ನೋಡಿ. ಆರಿಸಬೇಕಾದದ್ದು ಮೊದಲು ಸ್ಟೇಷನ್ನು, ಆಮೇಲೆ ಹೋಟೆಲು.

ಎರಡು ಮಾರ್ಗ ಕೂಡುವ ದೊಡ್ಡ ಜಂಕ್ಷನ್‌ನ ಪಕ್ಕದಲ್ಲೇ ಇರಬೇಕೆಂಬ ಹಟ ಬೇಡ. ಅಲ್ಲಿ ಗದ್ದಲವೂ ಹೆಚ್ಚು, ಬೆಲೆಯೂ ಹೆಚ್ಚು. ಅಲ್ಲಿಂದ ಒಂದೆರಡು ಸ್ಟೇಷನ್ ಆಚೆಗೆ ಹೋದರೆ ರೈಲಿನಲ್ಲಿ ಕೂರುವ ಸಮಯ ಐದು ನಿಮಿಷ ಹೆಚ್ಚಾದೀತು, ರಾತ್ರಿಯ ನಿದ್ದೆ ಬೇರೆಯೇ ಆಗಿರುತ್ತದೆ. ಸಾಮಾನ್ಯ ನಡಿಗೆಗೆ ನಿಮಿಷಕ್ಕೆ 80 ಮೀಟರ್ ಲೆಕ್ಕ ಹಿಡಿದರೆ 400 ಮೀಟರ್ ಐದು ನಿಮಿಷದ ದಾರಿ. ಸೂಟ್‌ಕೇಸ್ ಎಳೆದುಕೊಂಡು, ಕಲ್ಲುಹಾಸಿನ ಮೇಲೆ, ಮಳೆಯಲ್ಲಿ ಅದೇ ದಾರಿ ಹತ್ತು ನಿಮಿಷ. ಸ್ಟೇಷನ್‌ನ ಯಾವ ದ್ವಾರದಿಂದ ಅಳೆದದ್ದು ಎಂಬುದನ್ನೂ ನೋಡಿಕೊಳ್ಳಿ. ದೊಡ್ಡ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮಿನಿಂದ ಒಂದು ದ್ವಾರಕ್ಕೆ ಬರುವುದೇ ಐದಾರು ನಿಮಿಷ. ಲಿಫ್ಟ್ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ.

ದಾರಿಯನ್ನು ಪರೀಕ್ಷಿಸಲು ಮ್ಯಾಪ್‌ನಲ್ಲಿ ಎರಡು ಸಮಯ ಹಾಕಿ ನೋಡಬೇಕು: ವಾರದ ದಿನ ಬೆಳಿಗ್ಗೆ 9ಕ್ಕೆ ಹೊರಡುವುದು, ರಾತ್ರಿ 10.30ಕ್ಕೆ ವಾಪಸಾಗುವುದು. ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಹಗಲು ನಾಲ್ಕು ನಿಮಿಷಕ್ಕೊಂದು ಬರುವ ಬಸ್ಸು ರಾತ್ರಿ ನಲವತ್ತು ನಿಮಿಷಕ್ಕೊಂದು ಆಗಿರುತ್ತದೆ. ಊರಾಚೆಯ ಹೋಟೆಲ್ ಅಗ್ಗ ಅನ್ನಿಸಿದಾಗ ಹೀಗೆ ಲೆಕ್ಕ ಹಾಕಿ: ಒಂದು ಕಡೆಗೆ 40 ನಿಮಿಷ ಹೆಚ್ಚಾದರೆ ಹೋಗಿಬರಲು 80, ನಾಲ್ಕು ದಿನಕ್ಕೆ 320 ನಿಮಿಷ. ಐದು ಗಂಟೆಗೂ ಮೀರಿತು. ಉಳಿದ ಹಣದಿಂದ ರೈಲು ಟಿಕೆಟ್, ತಡರಾತ್ರಿಯ ಟ್ಯಾಕ್ಸಿಯನ್ನು ಕಳೆಯಿರಿ. ಅಗ್ಗ ಎಂಬುದು ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನು ರೇಟಿಂಗ್. ಬುಕಿಂಗ್ ಡಾಟ್ ಕಾಮ್‌ನಲ್ಲಿ ಅಂಕ ಹತ್ತಕ್ಕೆ, ಆ ತಾಣದ ಮೂಲಕ ಬುಕ್ ಮಾಡಿದವರಷ್ಟೇ ಅಂಕ ಕೊಡಬಹುದು. ಗೂಗಲ್‌ನಲ್ಲಿ ಐದಕ್ಕೆ, ಯಾರು ಬೇಕಾದರೂ ಬರೆಯಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜನ ಉದಾರವಾಗಿ ಅಂಕ ಕೊಡುವುದರಿಂದ ಹತ್ತಕ್ಕೆ 8 ಎಂದರೆ ‘ಪರವಾಗಿಲ್ಲ’, 7.5ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು. ಒಟ್ಟು ಅಂಕಕ್ಕಿಂತ ‘ಸ್ವಚ್ಛತೆ’ಯ ಅಂಕವನ್ನು ಹೆಚ್ಚು ನಂಬಿ. ಅದು ಒಟ್ಟು ಅಂಕಕ್ಕಿಂತ ಕೆಳಗಿದ್ದರೆ ಆ ಹೋಟೆಲ್ ಜಾಗದ ಬಲದ ಮೇಲೆ ನಡೆಯುತ್ತಿದೆ ಎಂದೇ ತಿಳಿಯಿರಿ. ವಿಮರ್ಶೆಗಳನ್ನು ‘ಇತ್ತೀಚಿನದು ಮೊದಲು’ ಎಂದು ಜೋಡಿಸಿ, ಕೊನೆಯ ಆರು ತಿಂಗಳಿನವನ್ನು ಓದಿ. ಶಬ್ದ, ವಾಸನೆ, ಲಿಫ್ಟ್, ಬಿಸಿನೀರು, ಕಾಮಗಾರಿ, ಇಂಥ ಪದಗಳನ್ನು ಹಾಕಿ ಹುಡುಕಿ. ಒಬ್ಬರ ಕೋಪವನ್ನು ಬಿಟ್ಟುಬಿಡಬಹುದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ದೂರು ಹೇಳಿದ್ದರೆ ಅದು ನಿಮಗೂ ಕಾದಿದೆ.

ನಕ್ಷತ್ರಗಳ ವಿಷಯ ಬೇಗ ಮುಗಿಸಬಹುದು. ಜಗತ್ತಿಗೆಲ್ಲ ಒಂದೇ ಎನ್ನುವ ನಕ್ಷತ್ರ ಪದ್ಧತಿ ಇಲ್ಲ. ಯುರೋಪಿನ ಹಲವು ದೇಶಗಳು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂದು ಸೇರಿ ಸಮಾನ ಮಾನದಂಡ ಮಾಡಿಕೊಂಡಿವೆ, ಉಳಿದೆಡೆ ಅವರವರದೇ ಲೆಕ್ಕ. ನಕ್ಷತ್ರ ಎಣಿಸುವುದು ಬಹುಮಟ್ಟಿಗೆ ಸೌಲಭ್ಯಗಳನ್ನು. ಹಾಸಿಗೆ ಮೆತ್ತಗಿದೆಯೇ, ಗೋಡೆ ತೆಳುವೇ ಎಂಬುದು ಅದರಿಂದ ತಿಳಿಯದು.

ಶಬ್ದದ ಬಗ್ಗೆ ಆ್ಯಪ್‌ಗಳು ತಾವಾಗಿ ಹೆಚ್ಚೇನೂ ಹೇಳುವುದಿಲ್ಲ. ಇದು ಇವುಗಳ ದೊಡ್ಡ ಕೊರತೆ. ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗಿನ ನಿರಂತರ ಶಬ್ದ 30 ಡೆಸಿಬಲ್ ದಾಟಬಾರದು, ಬಿಡಿ ಸದ್ದುಗಳು 45 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲೇ ಹೇಳಿದೆ. ಮುಖ್ಯರಸ್ತೆಯ ಕಡೆಗೆ ಒಂದೇ ಪದರದ ಗಾಜಿನ ಕಿಟಕಿ ಇದ್ದರೆ ಇದು ಆಗದ ಮಾತು. ರಸ್ತೆಯೊಂದೇ ಅಲ್ಲ: ಲಿಫ್ಟಿನ ಪಕ್ಕದ ಕೋಣೆ, ಕೆಳಗೆ ಬಾರ್ ಇರುವ ಮೊದಲ ಮಹಡಿ, ಅಡುಗೆಮನೆಯ ಎಕ್ಸಾಸ್ಟ್ ಇರುವ ಹಿಂಬದಿ, ಪಕ್ಕದ ಕೋಣೆಗೆ ತೆರೆಯುವ ಒಳಬಾಗಿಲು, ಎಲ್ಲವೂ ಶಬ್ದದ ಮೂಲಗಳೇ. ಒಳಬಾಗಿಲಿನ ಮೂಲಕ ಪಕ್ಕದವರ ಮಾತು ಪದಪದವೂ ಕೇಳುತ್ತದೆ. ಬುಕ್ ಮಾಡುವಾಗ ಆ್ಯಪ್‌ನ ‘ವಿಶೇಷ ಕೋರಿಕೆ’ಯಲ್ಲಿ ಬರೆದರೆ ಸಾಲದು. ಹೋಗುವ ಎರಡು ದಿನ ಮೊದಲು ಹೋಟೆಲಿಗೇ ನೇರವಾಗಿ ಫೋನ್ ಮಾಡಿ ‘ರಸ್ತೆಯ ಕಡೆಯದಲ್ಲದ, ಲಿಫ್ಟಿನಿಂದ ದೂರದ, ಒಳಬಾಗಿಲು ಇಲ್ಲದ ಕೋಣೆ’ ಎಂದು ಮೂರೇ ಮಾತಿನಲ್ಲಿ ಕೇಳಿ. ಕೋಣೆ ಹಂಚುವ ಕೆಲಸ ಆಗುವುದು ಹೆಚ್ಚಾಗಿ ಆ ಹೊತ್ತಿಗೇ.

ಕೋಣೆಯ ಅಳತೆಯನ್ನು ಚದರ ಮೀಟರ್‌ನಲ್ಲಿ ನೋಡಿ. 140×200 ಸೆಂ.ಮೀ.ನ ಮಂಚ ಒಂದೇ 2.8 ಚದರ ಮೀಟರ್ ತಿನ್ನುತ್ತದೆ. 12 ಚದರ ಮೀಟರ್ ಎಂದಾಗ ಬಚ್ಚಲೂ ಅದರಲ್ಲೇ ಸೇರಿದ್ದರೆ ಇಬ್ಬರ ಸೂಟ್‌ಕೇಸ್ ಒಟ್ಟಿಗೆ ಬಿಚ್ಚಿಡಲು ಜಾಗ ಇರುವುದಿಲ್ಲ. ಫೋಟೊಗಳು ಅಗಲ ಕೋನದ ಲೆನ್ಸಿನವು. ಅಂಚಿನಲ್ಲಿರುವ ದಿಂಬೋ ಟಿವಿಯೋ ಹಿಗ್ಗಿದಂತೆ ಕಂಡರೆ ಕೋಣೆ ಕಾಣುವುದಕ್ಕಿಂತ ಚಿಕ್ಕದು. ಕಿಟಕಿ ಇದೆಯೇ ಎಂದು ಖಚಿತ ಮಾಡಿಕೊಳ್ಳಿ, ಅಗ್ಗದ ದರ್ಜೆಯಲ್ಲಿ ಕಿಟಕಿಯೇ ಇಲ್ಲದ ಕೋಣೆಗಳೂ ಇರುತ್ತವೆ.

ಬೆಲೆಯ ಮಾತಿಗೆ ಬಂದರೆ, ಪಟ್ಟಿಯ ಮೇಲ್ತುದಿಯಲ್ಲಿ ಕಾಣುವುದು ನಿಮಗೆ ಉತ್ತಮವಾದದ್ದೇ ಎಂದೇನೂ ಇಲ್ಲ. ಹೋಟೆಲು ಕೊಡುವ ಕಮಿಷನ್ ಕೂಡ ಆ ಕ್ರಮವನ್ನು ತೀರ್ಮಾನಿಸುತ್ತದೆ. ‘ಒಂದೇ ಕೋಣೆ ಉಳಿದಿದೆ’ ಎಂದರೆ ಆ ತಾಣದ ಪಾಲಿಗೆ ಒಂದು ಎಂದಷ್ಟೇ ಅರ್ಥ, ಹೋಟೆಲಿನಲ್ಲಿ ಬೇರೆ ಇರಬಹುದು. ಹೀಗೆ ಅವಸರ ಹುಟ್ಟಿಸುವುದರ ವಿರುದ್ಧ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಕ್ರಮ ಕೈಗೊಂಡು, 2019ರಲ್ಲಿ ದೊಡ್ಡ ತಾಣಗಳಿಂದ ತಿದ್ದಿಕೊಳ್ಳುವ ಭರವಸೆ ಪಡೆಯಿತು. ಬೆಲೆ ಹೋಲಿಸುವಾಗ ಬುಕಿಂಗ್ ಮತ್ತು ಅಗೋಡಾ ಒಂದೇ ಸಮೂಹದವು, ಎಕ್ಸ್‌ಪೀಡಿಯಾ ಮತ್ತು ಹೋಟೆಲ್ಸ್ ಡಾಟ್ ಕಾಮ್ ಇನ್ನೊಂದರವು ಎಂಬುದು ನೆನಪಿರಲಿ. ಎರಡೂ ಗುಂಪಿನಿಂದ ಒಂದೊಂದನ್ನು ನೋಡಿ, ತೆರಿಗೆ, ಶುಲ್ಕ ಎಲ್ಲ ಸೇರಿದ ಕೊನೆಯ ಪರದೆಯ ಮೊತ್ತವನ್ನೇ ಹೋಲಿಸಿ. ಆಮೇಲೆ ಹೋಟೆಲಿನ ಸ್ವಂತ ಜಾಲತಾಣ ನೋಡಿ. ಕಮಿಷನ್ ಉಳಿಯುವುದರಿಂದ ಬೆಲೆ ಇಳಿಸದಿದ್ದರೂ ಬೆಳಗಿನ ಉಪಾಹಾರ ಸೇರಿಸಿಯಾರು, ತಡವಾಗಿ ಕೋಣೆ ಬಿಡಲು ಒಪ್ಪಿಯಾರು.

ಈ ಆ್ಯಪ್‌ಗಳ ನಿಜವಾದ ಲಾಭ ಇರುವುದು ಉಚಿತ ಕ್ಯಾನ್ಸಲ್‌ನಲ್ಲಿ. ಮುಂಚೆಯೇ ಆ ಬಗೆಯ ಕೋಣೆ ಹಿಡಿದಿಟ್ಟು, ಎರಡು ವಾರ ಇರುವಾಗ ಮತ್ತು ಗಡುವಿನ ಮುಂಚಿನ ದಿನ ಬೆಲೆ ಮತ್ತೆ ನೋಡಿ. ಇಳಿದಿದ್ದರೆ ಮೊದಲು ಹೊಸದನ್ನು ಬುಕ್ ಮಾಡಿ, ಖಚಿತವಾದ ಮೇಲೆಯೇ ಹಳೆಯದನ್ನು ರದ್ದು ಮಾಡಿ. ಗಡುವಿನ ಗಂಟೆಯನ್ನು ಸಾಮಾನ್ಯವಾಗಿ ಹೋಟೆಲಿರುವ ಊರಿನ ಸಮಯದಲ್ಲಿ ಎಣಿಸುತ್ತಾರೆ. ಬೇರೆ ದೇಶವಾದರೆ ಇಲ್ಲೇ ಜನ ಹಣ ಕಳೆದುಕೊಳ್ಳುವುದು.

ಬುಕ್ ಆದ ಮೇಲೆ ‘ಕಾರ್ಡ್ ವಿವರ ಮತ್ತೆ ದೃಢಪಡಿಸಿ, ಇಲ್ಲದಿದ್ದರೆ ರದ್ದು’ ಎಂಬ ಸಂದೇಶ ಆ್ಯಪ್‌ನ ಒಳಗಿನಿಂದಲೇ ಬಂದರೂ ಲಿಂಕ್ ಒತ್ತಬೇಡಿ. ಹೋಟೆಲುಗಳ ಖಾತೆಗೆ ಕನ್ನ ಹಾಕಿದ ವಂಚಕರು ನಿಮ್ಮ ಹೆಸರು, ದಿನಾಂಕ ಸಮೇತ ಹೀಗೆ ಬರೆಯುತ್ತಾರೆ. ಹೋಟೆಲಿಗೆ ಫೋನ್ ಮಾಡಿ ಕೇಳಿ. ಚೆಕ್ ಇನ್ ವೇಳೆ ಠೇವಣಿಗೆ ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಮೇಲು: ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು, ಅಷ್ಟು ದಿನ ಖಾತೆಯಲ್ಲಿನ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳಬಾರದು.

ಕೋಣೆಗೆ ಹೋದ ಮೇಲೆ ಬ್ಯಾಗನ್ನು ಬಚ್ಚಲಮನೆಯಲ್ಲಿಟ್ಟು ಹತ್ತು ನಿಮಿಷ ತಪಾಸಣೆ ಮಾಡಿ. ಹಾಸಿಗೆಯ ತಲೆಭಾಗದ ಮೂಲೆಯಲ್ಲಿ ಹೊದಿಕೆ ಎತ್ತಿ, ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ. ಬೆಳೆದ ತಿಗಣೆ ಸುಮಾರು 5 ಮಿ.ಮೀ. ಇರುತ್ತದೆ, ಕಣ್ಣಿಗೆ ಬೀಳುತ್ತದೆ. ಬಿಸಿನೀರು, ಎಸಿ, ಬಾಗಿಲಿನ ಒಳಚಿಲಕ, ಕಿಟಕಿಯ ಕೊಂಡಿ ಕೆಲಸ ಮಾಡುತ್ತವೆಯೇ ಪರೀಕ್ಷಿಸಿ. ಏನಾದರೂ ಸರಿಯಿಲ್ಲದಿದ್ದರೆ ಫೋಟೊ ತೆಗೆದು ಆಗಲೇ ರಿಸೆಪ್ಷನ್‌ಗೆ ತೋರಿಸಿ, ಅದನ್ನೇ ಆ್ಯಪ್‌ನ ಸಂದೇಶದಲ್ಲೂ ಬರೆದಿಡಿ. ಒಂದು ರಾತ್ರಿ ಮಲಗಿ ಎದ್ದು ದೂರು ಹೇಳಿದರೆ ಕೋಣೆ ಬದಲಾದೀತೇ ಹೊರತು ಹಣ ವಾಪಸಾಗುವುದು ಕಷ್ಟ.